ಗಡಿಬೇಲಿಯ ಬಳಿ ಬದುಕುವವರ ಮೇಲಿನ ದೌರ್ಜನ್ಯ: ಸಂಘದ ಖಂಡನಾ ಹೇಳಿಕೆ

ಬೆಂಗಳೂರು, ಜನವರಿ 7, 2026

ಹದಿನೈದು ವರ್ಷಗಳ ಹಿಂದೆ ಇದೇ ದಿನ, 2011ರ ಜನವರಿ 7ರ ನಸುಕಿನಲ್ಲಿ, ಭಾರತ–ಬಾಂಗ್ಲಾದೇಶ ಗಡಿಯ ಮುಳ್ಳುತಂತಿ ಬೇಲಿಯ ಮೇಲೆ ಫೆಲಾನಿ ಎಂಬ ಹದಿನೈದರ ಹುಡುಗಿ ಗಡಿ ಭದ್ರತಾ ಪಡೆಯ ಗುಂಡಿಗೆ ಬಲಿಯಾದಳು. ಅವಳ ಕುಟುಂಬ ಅಸ್ಸಾಮಿನ ಬೊಂಗಾಯಿಗಾಂವ್ ಕಡೆ ದುಡಿದು ಬದುಕುತ್ತಿತ್ತು. ಮದುವೆ ಗೊತ್ತಾಗಿತ್ತು. ಅದಕ್ಕೆಂದೇ ಅಪ್ಪ ಅವಳನ್ನು ಸ್ವಂತ ಊರಿಗೆ, ಬಾಂಗ್ಲಾದೇಶದ ಕುರಿಗ್ರಾಮ್ ಜಿಲ್ಲೆಗೆ, ಕರೆದುಕೊಂಡು ಹೊರಟಿದ್ದರು. ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಬಡವರು ಆ ಗಡಿ ದಾಟುವುದು ದಲ್ಲಾಳಿಗೆ ದುಡ್ಡು ಕೊಟ್ಟು. ಬೇಲಿಗೆ ಒರಗಿಸಿದ ಬಿದಿರಿನ ಏಣಿ ಹತ್ತಿ ಅಪ್ಪ ಮೊದಲು ಆಚೆ ಇಳಿದರು. ಹಿಂದೆ ಬಂದ ಮಗಳ ಬಟ್ಟೆ ತಂತಿಯ ಮುಳ್ಳಿಗೆ ಸಿಕ್ಕಿಕೊಂಡಿತು. ಹೆದರಿ ಕೂಗಿದಳು. ಕೂಗಿಗೆ ಉತ್ತರವಾಗಿ ಬಂದದ್ದು ಗುಂಡು. ಅವಳ ದೇಹ ಗಂಟೆಗಟ್ಟಲೆ ಆ ಬೇಲಿಯ ಮೇಲೆಯೇ ನೇತಾಡಿತು. ಮಂಜು ಕರಗಿ ಬೆಳಕಾದ ಮೇಲೆ ಪಡೆಯವರು ಕೈಕಾಲುಗಳನ್ನು ಬಿದಿರಿನ ಗಳುವಿಗೆ ಕಟ್ಟಿ ಹೊತ್ತುಕೊಂಡು ಹೋದರು.

ಆ ಸಾವನ್ನು, ಅದಕ್ಕೆ ಮುಂಚೆ ಮತ್ತು ಅದರ ನಂತರ ಅದೇ ಬೇಲಿಯ ಎರಡೂ ಬದಿಗಳಲ್ಲಿ ನಡೆದ ಹತ್ಯೆ, ಹೊಡೆತ, ಅವಮಾನ, ಅಕ್ರಮ ಗಡೀಪಾರುಗಳನ್ನು ನಮ್ಮ ಸಂಘ ಅತ್ಯಂತ ಕಟುವಾದ ಮಾತುಗಳಲ್ಲಿ ಖಂಡಿಸುತ್ತದೆ. ಬರಹಗಾರರು, ವಕೀಲರು, ಶಿಕ್ಷಕರು ಮತ್ತು ಕಾರ್ಮಿಕರ ನಡುವೆ ಕೆಲಸ ಮಾಡುವವರು ಕೂಡಿರುವ ಈ ಸಂಘದ ಸರ್ವಸದಸ್ಯರ ಸಭೆ ಈ ಹೇಳಿಕೆಗೆ ಒಕ್ಕೊರಲಿನ ಒಪ್ಪಿಗೆ ನೀಡಿದೆ.

ಫೆಲಾನಿಯ ಪ್ರಕರಣ ಮುಂದೇನಾಯಿತು ಎಂಬುದನ್ನು ವಿವರವಾಗಿಯೇ ಹೇಳಬೇಕು. ಈ ಗಡಿಯಲ್ಲಿ ಕೆಟ್ಟುಹೋಗಿರುವುದು ಏನೆಂದು ತಿಳಿಯಲು ಅದೊಂದು ಕಥೆ ಸಾಕು. ಬೇಲಿಯಲ್ಲಿ ನೇತಾಡಿದ ಅವಳ ದೇಹದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿ, ಎರಡೂ ದೇಶಗಳಲ್ಲಿ ಆಕ್ರೋಶ ಎದ್ದ ಮೇಲೆ, 2013ರ ಆಗಸ್ಟ್‌ನಲ್ಲಿ ಕೂಚ್ ಬಿಹಾರದಲ್ಲಿ ವಿಚಾರಣೆ ಶುರುವಾಯಿತು. ಅದು ಜಿಲ್ಲಾ ನ್ಯಾಯಾಲಯವಲ್ಲ. ಪಡೆಯ ಅಧಿಕಾರಿಗಳೇ ಪೀಠದಲ್ಲಿ ಕೂರುವ, ಪಡೆಯ ಆವರಣದಲ್ಲೇ ನಡೆಯುವ ಭದ್ರತಾ ಪಡೆ ನ್ಯಾಯಾಲಯ. ಅಪ್ಪ ಗಡಿ ದಾಟಿ ಬಂದು, ಮಗಳನ್ನು ಕೊಂದ ಪಡೆಯ ಸಮವಸ್ತ್ರ ತೊಟ್ಟವರ ಎದುರು ನಿಂತು ಸಾಕ್ಷಿ ಹೇಳಿದರು. ಸೆಪ್ಟೆಂಬರ್ 6ರಂದು ಆರೋಪಿ ಕಾನ್‌ಸ್ಟೆಬಲ್ ಖುಲಾಸೆಯಾದರು. ಪಡೆಯ ಮುಖ್ಯಸ್ಥರಿಗೇ ಆ ತೀರ್ಪು ಒಪ್ಪಿಗೆಯಾಗದೆ ಮರುಪರಿಶೀಲನೆಗೆ ಆದೇಶವಾಯಿತು. ಆದರೆ ಮರುಪರಿಶೀಲನೆಗೆ ಮೊದಲಿನ ಅಧಿಕಾರಿಗಳೇ ಕೂರಬೇಕು ಎನ್ನುತ್ತದೆ ಪಡೆಯ ಕಾಯ್ದೆ. 2015ರ ಜುಲೈನಲ್ಲಿ ಮತ್ತೆ ಖುಲಾಸೆ. ಅದೇ ವರ್ಷದ ಆಗಸ್ಟ್ ಕೊನೆಯಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಶಿಫಾರಸು ಮಾಡಿತು. ಅಂದರೆ ಹಕ್ಕಿನ ಉಲ್ಲಂಘನೆ ಆಗಿದೆ, ತಪ್ಪಿತಸ್ಥರು ಮಾತ್ರ ಯಾರೂ ಇಲ್ಲ! ಮಗಳನ್ನು ಕಳೆದುಕೊಂಡ ತಂದೆಗೆ ಈ ಲೆಕ್ಕವನ್ನು ಅರ್ಥ ಮಾಡಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ.

ಬೆಂಗಳೂರಿನಲ್ಲಿ ಕುಳಿತ ನಿಮಗೆ ಎಲ್ಲೋ ಇರುವ ಗಡಿಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಸಭೆಯಲ್ಲೇ ಆ ಪ್ರಶ್ನೆ ಬಂತು. ಉತ್ತರ ಕೊಟ್ಟವರು ಬಾಗಲಕೋಟೆ ಕಡೆಯ ಒಬ್ಬ ನಿವೃತ್ತ ಯೋಧರು. ಆ ಬೇಲಿ ಕಾಯಲು ಹೋಗುವವರಲ್ಲಿ ನಮ್ಮ ಬೆಳಗಾವಿ, ವಿಜಯಪುರ, ಗದಗ, ಹಾವೇರಿಯ ರೈತರ ಮಕ್ಕಳೂ ಇದ್ದಾರೆ. ಕಾಯುವ ಹುಡುಗನಿಗೆ ಬಂಗಾಳಿ ಬರುವುದಿಲ್ಲ, ಹೊಲದಲ್ಲಿರುವವರಿಗೆ ಕನ್ನಡವೂ ಬಾರದು ಹಿಂದಿಯೂ ಅಷ್ಟಕ್ಕಷ್ಟೆ. ಚಳಿಗಾಲದ ಮಂಜಿನಲ್ಲಿ ಹತ್ತು ಮಾರು ದೂರದಲ್ಲಿ ಅಲ್ಲಾಡಿದ್ದು ದನವೋ ಮನುಷ್ಯನೋ ತಿಳಿಯುವುದಿಲ್ಲ. ಕಳ್ಳಸಾಗಣೆದಾರರು ಮಚ್ಚು ಹಿಡಿದು ಬರುವುದೂ ಸುಳ್ಳಲ್ಲ, ಪಡೆಯವರೂ ಗಾಯಗೊಂಡಿದ್ದಾರೆ, ಸತ್ತಿದ್ದಾರೆ. ಇಷ್ಟೆಲ್ಲ ಹೇಳಿ ಅವರು ಕೊನೆಗೆ ಹೇಳಿದ ಮಾತನ್ನು ಸಭೆಯ ನಡಾವಳಿಯಲ್ಲಿ ಬರೆದುಕೊಂಡಿದ್ದೇವೆ: “ಸರ್, ನಮಗೆ ಬಂದೂಕು ಕೊಟ್ಟರು, ಆ ಊರಿನವರ ಭಾಷೆಯ ನಾಲ್ಕು ಮಾತು ಕಲಿಸಲಿಲ್ಲ.” ಆ ಯೋಧರ ಮೇಲೆ ನಮಗೆ ಗೌರವವಿದೆ. ನಾವು ಖಂಡಿಸುತ್ತಿರುವುದು ಗಡಿ ಕಾಯುವುದನ್ನಲ್ಲ. ಕಾಯುವವನ ಕೈಗೆ ತೀರ್ಪು ಕೊಡುವ ಅಧಿಕಾರವನ್ನೂ ಕೊಟ್ಟು, ಆ ತೀರ್ಪು ತಪ್ಪಾದಾಗ ಮತ್ತೆ ಅವನ ಮೇಲಧಿಕಾರಿಗಳನ್ನೇ ನ್ಯಾಯಾಧೀಶರನ್ನಾಗಿ ಕೂರಿಸುವ ವ್ಯವಸ್ಥೆಯನ್ನು.

ಎರಡನೆಯ ನಂಟು ಇನ್ನೂ ಹತ್ತಿರದ್ದು. ವೈಟ್‌ಫೀಲ್ಡ್, ಮಾರತ್‌ಹಳ್ಳಿ ಸುತ್ತಮುತ್ತ ನಾವು ದಿನಬೆಳಗಾದರೆ ಎಸೆಯುವ ಕಸವನ್ನು ಆಯ್ದು ವಿಂಗಡಿಸುವವರಲ್ಲಿ ಬಹಳ ಮಂದಿ ಬಂಗಾಳಿ ಮಾತಾಡುವವರು, ಗಡಿಜಿಲ್ಲೆಗಳಿಂದ ಬಂದವರು. ನಮ್ಮ ಸದಸ್ಯೆಯೊಬ್ಬರು ಅಂಥ ಒಂದು ತಗಡಿನ ಶೆಡ್ಡಿಗೆ ಹೋದಾಗ, ನದಿಯಾ ಜಿಲ್ಲೆಯ ಒಬ್ಬಾಕೆ ಅಕ್ಕಿ ಡಬ್ಬದ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮುಂದಿಟ್ಟರು. ಆಧಾರ್, ವೋಟರ್ ಕಾರ್ಡ್, ಅಪ್ಪನ ಹೆಸರಿನ ಹೊಲದ ಪತ್ರ, ಮಗನ ಶಾಲೆಯ ಚೀಟಿ. ಕೇಳುವ ಮೊದಲೇ ತೋರಿಸಿದರು. ಊರಲ್ಲಿ ಚಿಕ್ಕಂದಿನಿಂದ ಬಂದ ಅಭ್ಯಾಸವಂತೆ. ಅವರ ಹೊಲ ‘ಕಾಂಟಾತಾರ್’ನ ಆಚೆಗಿದೆ. ಮುಳ್ಳುತಂತಿಗೆ ಅಲ್ಲಿಯವರು ಹೇಳುವುದು ಹಾಗೆ.

ಹೊಲ ಬೇಲಿಯ ಆಚೆಗೆ ಹೇಗಿರುತ್ತದೆ ಎಂದು ಕನ್ನಡದ ಓದುಗರಿಗೆ ಅಚ್ಚರಿಯಾಗಬಹುದು. ಗಡಿಗೆರೆಯಿಂದ 150 ಗಜದೊಳಗೆ ಯಾವ ರಕ್ಷಣಾ ಕಟ್ಟಡವನ್ನೂ ಕಟ್ಟಬಾರದೆಂದು 1975ರಲ್ಲಿ ಎರಡೂ ದೇಶಗಳು ಒಪ್ಪಿಕೊಂಡಿವೆ. ಹಾಗಾಗಿ ಭಾರತದ ಬೇಲಿ ಭಾರತದ ನೆಲದೊಳಗೇ, ಕೆಲವು ಕಡೆ ಇನ್ನೂ ಸಾಕಷ್ಟು ಹಿಂದಕ್ಕೆ ಸರಿದು ನಿಂತಿದೆ. 1947ರಲ್ಲಿ ಐದೇ ವಾರದಲ್ಲಿ ಎಳೆದ ಗೆರೆ ಹೊಲ, ಕೊಳ, ಅಂಗಳಗಳ ನಡುವೆ ಹಾದುಹೋಗಿತ್ತು. ಬೇಲಿ ಬಂದಮೇಲೆ ಆ ಹೊಲಗಳೂ, ಎಷ್ಟೋ ಮನೆಗಳೂ ತಂತಿಯ ಆಚೆ ಉಳಿದವು. ಇವರು ಭಾರತದ ಪ್ರಜೆಗಳು, ಭಾರತದ ನೆಲದ ಒಡೆಯರು. ಆದರೂ ಸ್ವಂತ ಗದ್ದೆಗೆ ಹೋಗಲು ಬೇಲಿಯ ಗೇಟಿನ ಮುಂದೆ ಸಾಲು ನಿಲ್ಲಬೇಕು. ಗುರುತಿನ ಚೀಟಿ ಒಪ್ಪಿಸಬೇಕು, ಪುಸ್ತಕದಲ್ಲಿ ಹೆಸರು ಬರೆಸಬೇಕು, ಕೊಟ್ಟ ವೇಳೆಯೊಳಗೆ ಹಿಂತಿರುಗಬೇಕು. ಗೇಟು ತೆರೆಯುವುದು ತಡವಾದರೆ ಆ ದಿನದ ಕೂಲಿ ಹೋಯಿತು, ನಾಟಿಯ ಹದ ಹೋಯಿತು. ನಮ್ಮ ಮಂಡ್ಯದ ರೈತನಿಗೆ ಬೆಳಗ್ಗೆ ಗದ್ದೆಗೆ ನೀರು ಕಟ್ಟಲು ಹೊರಟಾಗ ಬಂದೂಕು ಹಿಡಿದವರೊಬ್ಬರು “ಇವತ್ತು ಗೇಟು ಇಲ್ಲ” ಎಂದರೆ ಹೇಗಿರುತ್ತದೆ? ಸೆಣಬು, ಮೆಕ್ಕೆಜೋಳದಂಥ ಎತ್ತರದ ಬೆಳೆ ಕಾವಲಿನ ಕಣ್ಣಿಗೆ ಅಡ್ಡ ಎಂದು ಬೇಲಿಯ ಬಳಿ ಅವನ್ನು ಬೆಳೆಯದಂತೆ ತಡೆಯುವುದೂ ಉಂಟು. ಸೆಣಬೇ ಆ ಸೀಮೆಯ ರೊಕ್ಕದ ಬೆಳೆ.

ನದಿಯಾದ ಆ ತಾಯಿ ಹೇಳಿದ ಒಂದು ಪ್ರಸಂಗ ಇಲ್ಲಿ ಬರಲೇಬೇಕು. ಹೊಲದಲ್ಲಿದ್ದ ಅವರ ಮಾವನವರಿಗೆ ಎದೆನೋವು ಕಾಣಿಸಿದ್ದು ಸಂಜೆ, ಗೇಟು ಮುಚ್ಚಿದ ಮೇಲೆ. ಬೇಲಿಯ ಈಚೆ ನಿಂತು ಮಕ್ಕಳು ಕೂಗಿದರು, ಕಾವಲಿನವರು ಠಾಣೆಗೆ ಫೋನು ಮಾಡಿದರು, ಅಲ್ಲಿಂದ ಅನುಮತಿ ಬರಬೇಕಿತ್ತು. ಬೀಗ ತೆಗೆಯುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಅಜ್ಜ ಬದುಕಿದರು. “ನಮ್ಮ ಹಣೆಬರಹ ಚೆನ್ನಾಗಿತ್ತು” ಎಂದರು ಆಕೆ. ಯಾರೂ ಯಾರನ್ನೂ ಹೊಡೆಯಲಿಲ್ಲ, ಗುಂಡು ಹಾರಲಿಲ್ಲ, ಯಾವ ವರದಿಯಲ್ಲೂ ಇದು ದಾಖಲಾಗುವುದಿಲ್ಲ. ದೌರ್ಜನ್ಯವೆಂದರೆ ನಮಗೆ ಇದೂ ಹೌದು.

ಇನ್ನು ದಾಖಲಾದವುಗಳ ಲೆಕ್ಕ. 2010ರ ಡಿಸೆಂಬರ್‌ನಲ್ಲಿ, ಅಂದರೆ ಫೆಲಾನಿ ಸಾಯುವ ತಿಂಗಳ ಮುಂಚೆ, ಹ್ಯೂಮನ್ ರೈಟ್ಸ್ ವಾಚ್ ಹೊರತಂದ ವರದಿ ಹಿಂದಿನ ಒಂದು ದಶಕದಲ್ಲಿ 900ಕ್ಕೂ ಹೆಚ್ಚು ಬಾಂಗ್ಲಾದೇಶಿಯರು ಈ ಪಡೆಯ ಕೈಯಲ್ಲಿ ಸತ್ತರೆಂದು ಹೇಳಿತ್ತು. ಭಾರತದ ಹಳ್ಳಿಗರ ಮೇಲಿನ ಹಲ್ಲೆ, ಕೊಲೆಗಳೂ ಆ ವರದಿಯಲ್ಲಿದ್ದವು. ಬಾಂಗ್ಲಾದೇಶದ ಆಗಿನ ಗೃಹಸಚಿವರು 2019ರ ಜುಲೈನಲ್ಲಿ ಅಲ್ಲಿನ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2009ರಿಂದ 2018ರವರೆಗೆ ಸತ್ತವರು 294 ಮಂದಿ. 2009ರಲ್ಲಿ 66, 2018ರಲ್ಲಿ 3. ಈ ಇಳಿಕೆಯನ್ನು ನಾವು ಮುಚ್ಚಿಡುವುದಿಲ್ಲ. 2011ರಲ್ಲಿ ಜೀವ ತೆಗೆಯದ ಆಯುಧಗಳನ್ನು ಬಳಸಲು ಎರಡೂ ಕಡೆಯ ಮುಖ್ಯಸ್ಥರ ಮಾತುಕತೆಯಲ್ಲಿ ಒಪ್ಪಂದವಾಗಿ, ಪೆಲೆಟ್ ಹಾರಿಸುವ ಬಂದೂಕುಗಳು ಬಂದ ಮೇಲೆ ಸಾವುಗಳು ಕಡಿಮೆಯಾದವು. ಮನಸ್ಸು ಮಾಡಿದರೆ ಕೊಲ್ಲದೆ ಗಡಿ ಕಾಯಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಆದರೆ 2019ರಲ್ಲಿ ಢಾಕಾದ ಐನ್ ಓ ಸಾಲಿಶ್ ಕೇಂದ್ರ ಮತ್ತೆ 43 ಸಾವುಗಳನ್ನು ಎಣಿಸಿತು. 2021ರ ನವೆಂಬರ್‌ನಲ್ಲಿ ಕೂಚ್ ಬಿಹಾರದ ಸಿತಾಯಿಯಲ್ಲಿ ಒಂದೇ ಘಟನೆಯಲ್ಲಿ ಮೂವರು ಸತ್ತರು. ಅವರಲ್ಲಿ ಒಬ್ಬ ಭಾರತೀಯ. 2024ರ ಸೆಪ್ಟೆಂಬರ್‌ನಲ್ಲಿ ಹತ್ತು ದಿನದೊಳಗೆ ಮೌಲ್ವಿಬಜಾರ್ ಗಡಿಯಲ್ಲಿ ಒಬ್ಬ ಹುಡುಗಿ, ಠಾಕುರ್‌ಗಾಂವ್ ಗಡಿಯಲ್ಲಿ ಒಬ್ಬ ಹುಡುಗ ಗುಂಡಿಗೆ ಬಲಿಯಾದರು. ಇಬ್ಬರೂ ಶಾಲೆಗೆ ಹೋಗುವ ವಯಸ್ಸಿನವರು. ಪೆಲೆಟ್ ಕೂಡ ಹತ್ತಿರದಿಂದ ಹಾರಿಸಿದರೆ ಕಣ್ಣು ತೆಗೆಯುತ್ತದೆ, ಜೀವವನ್ನೂ ತೆಗೆಯುತ್ತದೆ ಎಂಬುದನ್ನು ಸರ್ಕಾರ ಮರೆಯಬಾರದು.

2012ರ ಜನವರಿಯಲ್ಲಿ ಹೊರಬಿದ್ದ ಒಂದು ವಿಡಿಯೋ ನಮ್ಮಲ್ಲಿ ಹಲವರಿಗೆ ಇನ್ನೂ ನೆನಪಿದೆ. ಮುರ್ಶಿದಾಬಾದ್ ಗಡಿಯಲ್ಲಿ ದನ ಸಾಗಿಸುತ್ತಿದ್ದನೆಂದು ಹಿಡಿದ ಬಾಂಗ್ಲಾದೇಶಿ ಯುವಕನನ್ನು ಬೆತ್ತಲೆ ಮಾಡಿ, ಕಟ್ಟಿಹಾಕಿ ಥಳಿಸುತ್ತಿದ್ದರು. ಎಂಟು ಮಂದಿ ಅಮಾನತಾದರು. ವಿಡಿಯೋ ಹೊರಗೆ ಬರದೇ ಹೋಗಿದ್ದರೆ? ಆ ಚಿತ್ರ ತೆಗೆದದ್ದು ಹೊರಗಿನವರಲ್ಲ, ಪಡೆಯವರೇ ನಗುನಗುತ್ತ ತೆಗೆದದ್ದು. ತಮ್ಮನ್ನು ಯಾರೂ ಕೇಳುವವರಿಲ್ಲ ಎಂಬ ಧೈರ್ಯ ಇದ್ದವರು ಮಾತ್ರ ಹಾಗೆ ತೆಗೆಯಬಲ್ಲರು.

ಆ ಧೈರ್ಯ ಕೊಟ್ಟಿರುವುದು ಕಾನೂನು. ಪಡೆಗೆ ಸೇರದ ನಾಗರಿಕರ ಕೊಲೆ, ಅತ್ಯಾಚಾರಗಳನ್ನು ಪಡೆಯ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು 1968ರ ಗಡಿ ಭದ್ರತಾ ಪಡೆ ಕಾಯ್ದೆಯ 47ನೇ ಸೆಕ್ಷನ್ ಮೊದಲು ಹೇಳುತ್ತದೆ. ನಂತರ, ಸಕ್ರಿಯ ಕರ್ತವ್ಯದಲ್ಲಿದ್ದಾಗ ನಡೆದದ್ದಾದರೆ ವಿಚಾರಿಸಬಹುದು ಎಂದು ಅದೇ ಉಸಿರಿನಲ್ಲಿ ಬಾಗಿಲು ತೆರೆಯುತ್ತದೆ. ಗಡಿಯಲ್ಲಿ ನಿಂತವನು ಯಾವಾಗಲೂ ಕರ್ತವ್ಯದಲ್ಲೇ ಇರುತ್ತಾನಲ್ಲ! ಸಾಮಾನ್ಯ ನ್ಯಾಯಾಲಯಕ್ಕೆ ಒಯ್ಯಬೇಕಾದರೆ ಸರ್ಕಾರದ ಪೂರ್ವಾನುಮತಿ ಎಂಬ ಇನ್ನೊಂದು ಗೋಡೆ ಇದೆ. ಮಾನವ ಹಕ್ಕುಗಳ ಆಯೋಗದ ಮೊರೆ ಹೋದರೆ, ಸಶಸ್ತ್ರ ಪಡೆಗಳ ವಿಷಯದಲ್ಲಿ ಆಯೋಗ ತಾನೇ ತನಿಖೆ ಮಾಡದೆ ಕೇಂದ್ರದಿಂದ ವರದಿ ಕೇಳಿ ಶಿಫಾರಸು ಮಾಡಬೇಕೆಂದು 1993ರ ಕಾಯ್ದೆಯ 19ನೇ ಸೆಕ್ಷನ್ ಕಟ್ಟಿಹಾಕಿದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆ ಮಾತ್ರ ಈವರೆಗೆ ಆಗಿಲ್ಲ. ಇದರ ಮೇಲೆ, ಪಶ್ಚಿಮ ಬಂಗಾಳ, ಅಸ್ಸಾಂ, ಪಂಜಾಬ್‌ಗಳಲ್ಲಿ ಪಡೆಯ ಶೋಧ, ವಶ, ಬಂಧನದ ಅಧಿಕಾರವನ್ನು 15 ಕಿಲೋಮೀಟರಿನಿಂದ 50 ಕಿಲೋಮೀಟರಿಗೆ 2021ರ ಅಕ್ಟೋಬರ್‌ನಲ್ಲಿ ಹಿಗ್ಗಿಸಲಾಯಿತು. ಪಂಜಾಬ್ ಮತ್ತು ಬಂಗಾಳದ ವಿಧಾನಸಭೆಗಳು ಅದರ ವಿರುದ್ಧ ನಿರ್ಣಯ ಮಾಡಿದವು. ಆ ನಿರ್ಣಯಗಳ ಆತಂಕ ನಮ್ಮದೂ ಹೌದು.

ಆದರೆ ಈ ದೇಶದ ಸಂವಿಧಾನ ಇಷ್ಟು ಬಡವಾಗಿಲ್ಲ. ಜೀವದ ಹಕ್ಕನ್ನು ಹೇಳುವ 21ನೇ ವಿಧಿಯಲ್ಲಿ ‘ಪ್ರಜೆ’ ಎಂಬ ಪದವಿಲ್ಲ, ‘ವ್ಯಕ್ತಿ’ ಎಂದಿದೆ. ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. 2000ದಲ್ಲಿ, ಹೌರಾದಲ್ಲಿ ರೈಲ್ವೆಯ ವಸತಿಗೃಹದಲ್ಲಿ ಅತ್ಯಾಚಾರಕ್ಕೆ ಒಳಗಾದ ಬಾಂಗ್ಲಾದೇಶದ ಮಹಿಳೆಗೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿದಾಗಲೂ ಇದೇ ಮಾತು. ಮಣಿಪುರದಲ್ಲಿ ಭದ್ರತಾ ಪಡೆಗಳ ಕೈಯಲ್ಲಾದ ಸಾವುಗಳ ಪ್ರಕರಣದಲ್ಲಿ ಅದೇ ಕೋರ್ಟಿನ 2016ರ ತೀರ್ಪು, ಸಮವಸ್ತ್ರ ತೊಟ್ಟವರು ಮಿತಿಮೀರಿ ಬಲ ಬಳಸಿದರೆ ವಿಚಾರಣೆಯಿಂದ ತಪ್ಪಿಸಿಕೊಳ್ಳಲಾಗದು ಎಂದಿತು. ಬೇಲಿ ಹಾರುವುದು ಅಪರಾಧವಾಗಿರಬಹುದು. ಅದಕ್ಕೆ ಕಾನೂನಿನಲ್ಲಿ ಜೈಲಿದೆ, ದಂಡವಿದೆ. ಗುಂಡು ಹಾರಿಸಬಹುದಾದದ್ದು ಎದುರಿನವರಿಂದ ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ. ತಂತಿಗೆ ಸಿಕ್ಕಿ ಕೂಗುತ್ತಿದ್ದ ಹುಡುಗಿಯಿಂದ ಯಾರ ಪ್ರಾಣಕ್ಕೆ ಕುತ್ತಿತ್ತು?

2025ರ ಮೇ ತಿಂಗಳಿಂದ ಈ ಗಡಿಯಲ್ಲಿ ಇನ್ನೊಂದು ಬಗೆಯ ಅನ್ಯಾಯ ಜೋರಾಗಿದೆ. ದೂರದ ನಗರಗಳಲ್ಲಿ ಬಂಗಾಳಿ ಮಾತಾಡುವ ಮುಸ್ಲಿಂ ಕೂಲಿಗಳನ್ನು ಹಿಡಿದು, ಗಡಿಗೆ ಸಾಗಿಸಿ, ಕತ್ತಲಲ್ಲಿ ಆಚೆಗೆ ತಳ್ಳುವುದು. ವಿಚಾರಣೆಯಿಲ್ಲ, ಆದೇಶದ ಪ್ರತಿಯಿಲ್ಲ. ದೆಹಲಿಯಲ್ಲಿ ಹಿಡಿಯಲಾದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನೂ ಅವರ ಪುಟ್ಟ ಮಗನನ್ನೂ ಹೀಗೆಯೇ ತಳ್ಳಲಾಯಿತು. ಆ ಗಡೀಪಾರನ್ನು ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ, ತಾಯಿ ಮಗ ಮರಳಿ ತಾಯ್ನೆಲ ಮುಟ್ಟಿದ್ದು ಡಿಸೆಂಬರ್‌ನಲ್ಲಿ.

ಈ ವಿಷಯದಲ್ಲಿ ನಮ್ಮ ನಗರದ ಕೈಯೂ ಶುಭ್ರವಾಗಿಲ್ಲ. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಡಿದ ಸುಮಾರು ಅರವತ್ತು ಮಂದಿಯನ್ನು, ಹೆಂಗಸರು ಮಕ್ಕಳು ಸೇರಿದಂತೆ, ಮರುತಿಂಗಳು ರೈಲಿನಲ್ಲಿ ಹೌರಾಕ್ಕೆ ಸಾಗಿಸಲಾಯಿತು. ಗಡಿಯಾಚೆ ಕಳಿಸುವುದೇ ಉದ್ದೇಶ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದವರು’ ಎಂಬ ಒಂದೇ ಮಾತಿನ ಮೇಲೆ ಕೂಲಿಕಾರರ ಶೆಡ್ಡುಗಳನ್ನು ನೆಲಸಮ ಮಾಡಿದರು. ಉರುಳಿದ ಶೆಡ್ಡುಗಳಲ್ಲಿ ಅಸ್ಸಾಂ, ತ್ರಿಪುರದವರ ಜೊತೆ ನಮ್ಮ ಉತ್ತರ ಕರ್ನಾಟಕದಿಂದ ಕೆಲಸ ಹುಡುಕಿ ಬಂದವರದ್ದೂ ಇದ್ದವು. ಕೊನೆಗೆ ಕರ್ನಾಟಕ ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. ಬೇಲಿ ಎರಡು ಸಾವಿರ ಕಿಲೋಮೀಟರ್ ದಾಟಿ ನಮ್ಮ ಬಡಾವಣೆಯೊಳಗೇ ಬಂದಿತ್ತು ಎಂದು ಆಗಲೇ ಅರಿತುಕೊಳ್ಳಬೇಕಿತ್ತು. ನಾವು ತಡವಾಗಿ ದನಿ ಎತ್ತುತ್ತಿದ್ದೇವೆ, ಅದಕ್ಕಾಗಿ ಆ ಶೆಡ್ಡುಗಳಲ್ಲಿದ್ದವರ ಕ್ಷಮೆ ಕೋರುತ್ತೇವೆ.

ಆದ್ದರಿಂದ, ಗಡಿಯಲ್ಲಿ ಪಡೆಯ ಗುಂಡಿಗೆ ಅಥವಾ ಹೊಡೆತಕ್ಕೆ ಸತ್ತ ಪ್ರತಿಯೊಬ್ಬರ ವಿಷಯದಲ್ಲೂ, ಸತ್ತವರು ಯಾವ ದೇಶದವರೇ ಆಗಿರಲಿ, ಸ್ಥಳೀಯ ಪೊಲೀಸರು ಎಫ್‌ಐಆರ್ ದಾಖಲಿಸಿ, ಮ್ಯಾಜಿಸ್ಟ್ರೇಟ್ ತನಿಖೆ ನಡೆದು, ವಿಚಾರಣೆ ಸಾಮಾನ್ಯ ಸೆಷನ್ಸ್ ನ್ಯಾಯಾಲಯದಲ್ಲೇ ಆಗಬೇಕೆಂದು ಆಗ್ರಹಿಸುತ್ತೇವೆ. ನಮ್ಮ ಆಗ್ರಹಗಳಲ್ಲಿ ಇದೇ ಮೊದಲನೆಯದು, ಉಳಿದವೆಲ್ಲ ಇದರ ಹಿಂದೆ. ಇದಕ್ಕೆ ಅಡ್ಡಿಯಾಗಿರುವ 47ನೇ ಸೆಕ್ಷನ್ ಮತ್ತು ಆಯೋಗದ ಕೈ ಕಟ್ಟಿರುವ 19ನೇ ಸೆಕ್ಷನ್‌ಗಳನ್ನು ಸಂಸತ್ತು ತಿದ್ದಬೇಕು. ಕರ್ನಾಟಕದಿಂದ ಆಯ್ಕೆಯಾಗಿರುವ ಸಂಸದರು ಪಕ್ಷಭೇದ ಮರೆತು ಈ ಪ್ರಶ್ನೆಯನ್ನು ಸದನದಲ್ಲಿ ಎತ್ತಬೇಕು. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಅನುಮೋದನೆ ಸಿಗಬೇಕು.

ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ಗಡಿಯಾಚೆ ತಳ್ಳುವುದು ಕೂಡಲೇ ನಿಲ್ಲಬೇಕು. ಭಾಷೆ, ಗಡ್ಡ, ಲುಂಗಿ ನೋಡಿ ಕೂಲಿಕಾರರನ್ನು ಠಾಣೆಗೆ ಎಳೆಯಬಾರದೆಂದು ಕರ್ನಾಟಕ ಸರ್ಕಾರ ತನ್ನ ಪೊಲೀಸರಿಗೆ ಲಿಖಿತ ಸುತ್ತೋಲೆ ಕಳಿಸಬೇಕು. ಬೇಲಿಯಾಚೆಗಿನ ಹೊಲಗಳ ಗೇಟುಗಳು ಬೆಳಗಿನಿಂದ ಸಂಜೆಯವರೆಗೆ ತೆರೆದಿರಬೇಕು, ಅನಾರೋಗ್ಯ ಮತ್ತು ಹೆರಿಗೆಗೆ ರಾತ್ರಿಯಲ್ಲೂ ಕಾವಲಿನವರೇ ತಕ್ಷಣ ಬೀಗ ತೆಗೆಯುವ ಅಧಿಕಾರ ಹೊಂದಿರಬೇಕು, ಬೆಳೆ ತಡೆದರೆ ನಷ್ಟ ತುಂಬಿಕೊಡಬೇಕು. ಪಡೆಯ ಯೋಧರಿಗೆ ಗಡಿಗೆ ಹೋಗುವ ಮುನ್ನ ಆ ಸೀಮೆಯ ಭಾಷೆ ಕಲಿಸಬೇಕು. ಯಲಹಂಕದಲ್ಲಿರುವ ಪಡೆಯ ತರಬೇತಿ ಕೇಂದ್ರದಲ್ಲಿ ಬಂಗಾಳಿ ಕಲಿಸಲು ಬೇಕಾದ ಪಾಠಗಳನ್ನು ಉಚಿತವಾಗಿ ಸಿದ್ಧಪಡಿಸಿಕೊಡಲು ನಮ್ಮ ಸದಸ್ಯರಾದ ಶಿಕ್ಷಕರು ತಯಾರಿದ್ದಾರೆ. ಇದು ಅಲಂಕಾರದ ಮಾತಲ್ಲ, ಕೇಂದ್ರದ ಮುಖ್ಯಸ್ಥರಿಗೆ ಪತ್ರ ಬರೆಯಲಾಗುತ್ತಿದೆ.

ಬಾಂಗ್ಲಾದೇಶ ಸರ್ಕಾರವೂ ಬಡವರ ದುಡ್ಡು ತಿಂದು ಬೇಲಿಗೆ ಏಣಿ ಹಾಕುವ ದಲ್ಲಾಳಿಗಳನ್ನು, ಹುಡುಗರ ಕೈಗೆ ದನದ ಹಗ್ಗ ಕೊಟ್ಟು ತಾವು ಹಿಂದೆ ಉಳಿಯುವ ವ್ಯಾಪಾರಿಗಳನ್ನು ಹಿಡಿಯಬೇಕು. ಗುಂಡು ತಿನ್ನುವವರು ಯಾವತ್ತೂ ಆ ವ್ಯಾಪಾರಿಗಳಲ್ಲ.

ಈ ಹೇಳಿಕೆಯ ಪ್ರತಿಗಳನ್ನು ಕೇಂದ್ರ ಗೃಹಸಚಿವರಿಗೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ, ಗಡಿ ಭದ್ರತಾ ಪಡೆಯ ಮಹಾನಿರ್ದೇಶಕರಿಗೆ ಮತ್ತು ಕರ್ನಾಟಕದ ಎಲ್ಲ ಸಂಸದರಿಗೆ ಕಳುಹಿಸಲಾಗುತ್ತಿದೆ. ಬಂಗಾಳಿಗೆ ಅನುವಾದಿಸಿದ ಪ್ರತಿಯನ್ನು ಬರುವ ಭಾನುವಾರ ವೈಟ್‌ಫೀಲ್ಡ್ ಸುತ್ತಲಿನ ಶೆಡ್ಡುಗಳಲ್ಲಿ ನಮ್ಮ ಸದಸ್ಯರು ಓದಿ ಹೇಳುವರು. ನದಿಯಾದ ಆ ತಾಯಿ ತಮ್ಮ ಅಂಗಳದಲ್ಲೇ ಮೊದಲು ಓದಬೇಕೆಂದು ಕೇಳಿಕೊಂಡಿದ್ದಾರೆ.

ಕಾರ್ಯಕಾರಿ ಸಮಿತಿಯ ಪರವಾಗಿ,
ಅಧ್ಯಕ್ಷರು ಮತ್ತು ಪ್ರಧಾನ ಕಾರ್ಯದರ್ಶಿ